ಒಡಪಿನಾಗ ಬಾರದ ಹೆಸರು

ಗಂಗಾವತಿ

ಯಲಬುರ್ಗಾದ ಸಮಸ್ತ ಹೆಣ್ಮಕ್ಕಳ ಶಕ್ತಿಯನ್ನು ಡಬ್ಬಿಯೊಳಗ ತುಂಬಿ ಮಾರುವ ತಂಗಿ ಶಾಂಭವಿಗೆ ಅಕ್ಕನ ಆಶೀರ್ವಾದ.

ನೀ ಕೊಟ್ಟ ನೆನಪಿನ ಗುಳಿಗಿ ಮುಗಿಯಾಕ ಬಂದಾವ. ಡಬ್ಬಿ ಮ್ಯಾಲಿನ ಚಿತ್ರದಾಕಿ ಕಿನ್ನಾಳದ ಗೊಂಬಿ ಹಂಗ ಮಿಂಚ್ತಾಳ, ನಾನಿನ್ನೂ ಬಣ್ಣ ಹಚ್ಚದ ಕಟ್ಟಿಗಿ. ಶಕ್ತಿ ಮಾತ್ರ ಬಂದೈತವ್ವ, ಒಗೆದಿಟ್ಟ ಅಂಗೀನ ಮತ್ತ ಒಗದೆ.

ಆದರ ಮೊನ್ನೆ ಮೈದುನನ ಮಗಳ ಮದುವ್ಯಾಗ ಹೆಣ್ಮಕ್ಕಳೆಲ್ಲ ಬಾಗಿಲಿಗೆ ಅಡ್ಡ ನಿಂತು, "ಗಂಡನ ಹೆಸರು ಹೇಳಿ ಒಳಗ ಬರ್ರಿ" ಅಂದ್ರು. ಒಡಪು ಹೇಳೂದ್ರಾಗ ನನ್ನ ಮೀರಿಸಿದವರು ಯಾರದಾರ? "ಗಂಗಾವತಿ ಅಕ್ಕಿಗೆ ಮಲ್ಲಿಗಿಯ ಬಿಳುಪು" ಅಂತ ಜೋರಾಗಿ ಸುರು ಮಾಡಿದೆ. ಮುಂದ ನಿಮ್ಮ ಮಾಮಾನ ಹೆಸರು ಬರಲಿಲ್ಲ. ನಾಚಿಕಿ ಅಲ್ಲ ಶಾಂಭವಿ, ಹೆಸರೇ ಬರಲಿಲ್ಲ. ಸೆರಗು ಬಾಯಿಗೆ ಹಿಡಕೊಂಡೆ. "ಈ ವಯಸ್ಸಿನ್ಯಾಗೂ ಎಷ್ಟು ನಾಚ್ತಾಳ ನೋಡ್ರಿ!" ಅಂತ ಎಲ್ಲಾರೂ ನಕ್ಕರು. ನಿಮ್ಮ ಮಾಮಾ ಅವತ್ತಿಂದ ಮೀಸಿ ತಿರುವಿಕೊಂಡು ಅಡ್ಡಾಡ್ತಾರ.

ಇನ್ನೊಂದು ಡಬ್ಬಿ ಕಳಸಬ್ಯಾಡ, ನೀನ ಬಾ. ಸೀರಿ ತರಾಕಂತ ಹೇಳಿ ಕೊಪ್ಪಳಕ್ಕ ಡಾಕ್ಟರ ಕಡೆ ಕರಕೊಂಡು ಹೋಗು. ಮಾಮಾಗ ಏನೂ ಹೇಳಬ್ಯಾಡ. ಆ ಖುಷಿ ಅವರಿಗಿರಲಿ.

ನಿನ್ನ ಅಕ್ಕ
ಅಮರಮ್ಮ ಗಂಡ ಗೌರೀಶಪ್ಪ
(ಇವತ್ತು ಈ ಹೆಸರು ಯಾರನ್ನೂ ಕೇಳದ ಬರದೀನಿ.)