ನೀನು ಇಳಿಯದ ವಿಮಾನ

ತ್ಯಾಗರಾಯನಗರ, ಮದರಾಸು
೧೧-೩-೧೯೬೩, ಸೋಮವಾರ

ಸೌಭಾಗ್ಯವತಿ ರತ್ನಾವತಿಗೆ,

ನಿನ್ನ ಮೊಣಕಾಲು ಹೇಗುಂಟು? ಎಣ್ಣೆ ಹಚ್ಚುತ್ತೀಯೋ, ಇಲ್ಲ ತವರಿನಲ್ಲಿ ಅಂಗಳದಿಂದ ಅಂಗಳಕ್ಕೆ ಪಟ್ಟಾಂಗ ಹೊಡೆಯುತ್ತಾ ತಿರುಗುತ್ತೀಯೋ? ನನಗೇನೂ ಆಗಿಲ್ಲ. ಹೋಟೆಲಿನ ಗಲ್ಲಾದಲ್ಲಿ ಕೂತರೆ ಎದ್ದು ಹೋಗುವ ಅನ್ನಿಸುತ್ತದೆ, ಎದ್ದರೆ ಎಲ್ಲಿಗೆ ಎಂದು ಗೊತ್ತಾಗುವುದಿಲ್ಲ, ಅಷ್ಟೆ.

ಅಲ್ಲ ಮಾರಾಯ್ತಿ, ರೈಲಿನಲ್ಲಿ ಕಾಲು ಮಡಚಲಿಕ್ಕೆ ಆಗುವುದಿಲ್ಲ ಎಂದು ನೀನೇ ಹೇಳಿದ್ದಕ್ಕೆ ತಾನೇ ವಿಮಾನದ ಟಿಕೆಟ್ ಕಳಿಸಿದ್ದು? ನಮ್ಮ ಧಣಿಗಳ ಹೆಂಡತಿ ಸಹ ಇನ್ನೂ ವಿಮಾನ ಹತ್ತಿಲ್ಲ! ನಿನ್ನೆ ಮಧ್ಯಾಹ್ನವೇ ಮೀನಂಬಾಕ್ಕಂಗೆ ಹೋಗಿ ಬೇಲಿ ಹಿಡಿದು ನಿಂತೆ. ಒಂದು ಕಡೆ ಹಾರ ಹಿಡಿದ ಚೆಟ್ಟಿಯಾರರ ಸಂಸಾರ, ಇನ್ನೊಂದು ಕಡೆ ಕಪ್ಪು ಕನ್ನಡಕದ ಕೋಡಂಬಾಕ್ಕಂ ಸಿನೆಮಾದವರು, ನಡುವೆ ನಮ್ಮ ಊರಿನ ಹೋಟೆಲಿನವರು, ಬರುವ ಒಬ್ಬನಿಗೆ ಬೇಲಿಯ ಹತ್ತಿರ ಒಂದು ಬಸ್ಸಿನಷ್ಟು ಜನ. ವಿಮಾನ ಇಳಿಯಿತು. ಏಣಿ ತಳ್ಳಿಕೊಂಡು ಬಂದವನು ಯಾರು? ನಿನ್ನ ಮಗಳು ಬೇಬಿ ನನ್ನ ಮಾತು ಮೀರಿ ಕಟ್ಟಿಕೊಂಡ ಆ ತಮಿಳು ಹುಡುಗ, ಮುರಳೀಧರ. ಮುಖ ತಿರುಗಿಸಿದೆ. ತಿರುಗಿಸಿದರೆ ನೀನು ಇಳಿಯುವುದು ಕಾಣುವುದು ಹೇಗೆ? ಮತ್ತೆ ನೋಡಿದೆ. ನಿನ್ನ ತಮ್ಮ ರಘುರಾಮ ಇಳಿದ. ನೀನಿಲ್ಲ. ಆ ಹುಡುಗ ಬೇಲಿಯ ಹತ್ತಿರ ನನ್ನನ್ನು ಕಂಡವನೇ ಏಣಿ ಹತ್ತಿ ಒಳಗೆ ಹೋದ. ಬೆವರು ಒರೆಸಿಕೊಳ್ಳುತ್ತಾ ಓಡಿ ಬಂದು, "ಒಂದೊಂದು ಸೀಟೂ ನೋಡಿದೆ ಮಾಮಾ, ಅತ್ತೆ ಇಲ್ಲ" ಎಂದ. ಅವನ ಮುಖ ನನ್ನದಕ್ಕಿಂತ ಸಣ್ಣದಾಗಿತ್ತು. ಬೈಯಲಿಕ್ಕೆ ಬಾಯಿ ತೆರೆದೆ, ಬೈಗುಳ ಬರಲಿಲ್ಲ.

ಆಮೇಲೆ ರಘುರಾಮ ಹೊರಗೆ ಬಂದು ಹಲ್ಲು ಕಿರಿಯುತ್ತಾ ಹೇಳುತ್ತಾನೆ, ಅಕ್ಕ ಬಜ್ಪೆವರೆಗೆ ಬಂದಳು, ವಿಮಾನವನ್ನು ಕಣ್ಣು ತುಂಬ ನೋಡಿದಳು, ತಿರುಗಿ ಬಸ್ಸು ಹತ್ತಿದಳು ಅಂತ! "ಬೇಬಿಯನ್ನು ಮನೆಗೆ ಕರೆದ ಮೇಲೆ ಬರುತ್ತೇನೆ ಎಂದಿದ್ದೆ. ನಿನ್ನ ಭಾವ ಟಿಕೆಟ್ ಕಳಿಸಿದ್ದಾರೆ. ನಾನು ಹೆತ್ತದ್ದು ಟಿಕೆಟನ್ನೋ?" ಎಂದೆಯಂತೆ. ಅದನ್ನು ಅವನು ಊರವರಿಗೆಲ್ಲ ಕೇಳುವ ಹಾಗೆ ಹೇಳಿದ. ಸಾಲದ್ದಕ್ಕೆ ಮಗಳಿಗೆಂದು ಹಲಸಿನ ಹಪ್ಪಳದ ಕಟ್ಟು, ಅದೂ ನನ್ನ ಕೈಯಿಂದಲೇ ಕೊಡಿಸಬೇಕಂತೆ. ಇಷ್ಟು ಹಠ ಯಾವ ಹೆಂಗಸಿಗೂ ಇರಬಾರದು.

ಹಿರಿಯರಿಗೆ ಅಡ್ಡಬಿದ್ದೆ ಎಂದು ಹೇಳು. ಮಕ್ಕಳಿಗೆ ಆಶೀರ್ವಾದ. ನಿನಗೆ ಏನೂ ಇಲ್ಲ.

ಕಾಂತಪ್ಪ

ಮರೆತದ್ದು: ಮೇಲಿನದ್ದು ಬೆಳಿಗ್ಗೆ ಬರೆದದ್ದು, ಈಗ ಸಂಜೆ. ಹಪ್ಪಳ ಕೊಡಲಿಕ್ಕೆ ಪಲ್ಲಾವರಂಗೆ ಹೋಗಿದ್ದೆ. ಬೇಬಿ ನನ್ನ ಜೊತೆಗೇ ಬಂದಳು, ಅಡುಗೆಮನೆಯಲ್ಲಿದ್ದಾಳೆ. ಗಂಡ ಕೆಲಸ ಮುಗಿಸಿ ಊಟಕ್ಕೆ ಬರುತ್ತಾನೆ. ಬಾ ಎಂದದ್ದು ನಾನೇ. ಪುಂಡಿ ಕಡುಬಿಗೆ ಅಕ್ಕಿ ಎಷ್ಟು ಹೊತ್ತು ನೆನೆಹಾಕಬೇಕು ಎಂದು ಅವಳು ನನ್ನನ್ನು ಕೇಳುತ್ತಿದ್ದಾಳೆ. ಇಷ್ಟು ವರ್ಷ ಕೂತು ತಿಂದವನಿಗೆ ಎಂತ ಗೊತ್ತು? ಬಂದು ನೀನೇ ಹೇಳು.