ಹನ್ನೆರಡನೇ ಕಲಮಿನ ಬ್ರ್ಯಾಕೆಟ್ಟು

ಮೇ 12, ಬೆಳಿಗ್ಗೆ 7
ಊಟಿ. ಮತ್ತೆ ಅದೇ ಹೋಟೆಲ್, ಅದೇ ತಣ್ಣಗಿನ ಉಪ್ಪಿಟ್ಟು. ಸೇವಾ ವ್ಯಾಪಾರ ಒಪ್ಪಂದದ ಮಾತುಕತೆ, ಆರನೇ ಸುತ್ತು. ನಮ್ಮ ತಂಡದ ಮುಖ್ಯಸ್ಥ ಸುಧಾಕರನ್ ನಿನ್ನೆ ಎದುರು ದೇಶದವರ ಮುಂದೆಯೇ ಅಂದ, "ಮಾನಸಾ, ಕೇಳಿದಾಗ ಮಾತ್ರ ಬಾಯಿ ಬಿಡಿ." ತಂಡದಲ್ಲಿ ಕಾನೂನು ಓದಿದವಳು ನಾನೊಬ್ಬಳೇ. ಆ ಮನುಷ್ಯನ ಮುಖ ಕಂಡರೆ ಮೈ ಉರಿಯುತ್ತದೆ. ಸರಿ, ಬಿಡುವುದಿಲ್ಲ.

ಮೇ 13, ಸಂಜೆ
ನನ್ನ ಅಕ್ಕ ಮಾತಿ ಗೂಡಲೂರಿನಿಂದ ಬಂದಿದ್ದಳು. ಮೂವತ್ತು ವರ್ಷದಿಂದ ನರ್ಸ್. ತೊರಪಳ್ಳಿ ಸುತ್ತಿನ ಆದಿವಾಸಿ ಹಾಡಿಗಳಲ್ಲಿ ರಕ್ತದ ಕಾಯಿಲೆಯ ಕ್ಯಾಂಪು ನಡೆಸುತ್ತಾಳೆ. ರಿಪೋರ್ಟೆಲ್ಲ ಯಾವುದೋ ಕಂಪನಿಯ ಕಂಪ್ಯೂಟರಿನಲ್ಲಿ.
"ಯಾರ ಹೆಸರೂ ಹೊರದೇಶಕ್ಕೆ ಹೋಗಲ್ಲ ಅಂತ ಮಾತು ಕೊಟ್ಟಿದೀನಿ. ಕಾಯಿಲೆ ವಿಷಯ ಹೊರಗೆ ಬಿದ್ರೆ ಹಾಡಿ ಹುಡುಗಿಯರ ಮದುವೆ ಗತಿ ಏನು? ನೀನು ನೋಡ್ಕೋತೀಯ ತಾನೆ?"
"ನಾನಿದೀನಲ್ಲ ಅಕ್ಕ" ಅಂದೆ.
ಹನ್ನೆರಡನೇ ಕಲಂ ಅದೇ. ವೈದ್ಯಕೀಯ ದಾಖಲೆ ದೇಶದಾಚೆ ಇಡಬಹುದು — ಎದುರು ದೇಶದವರ ವಾಕ್ಯ. ಸುತ್ತ ನಮ್ಮ ಬ್ರ್ಯಾಕೆಟ್ಟು ಇರುವತನಕ ಒಪ್ಪಿಗೆಯಿಲ್ಲ ಎಂದರ್ಥ. ಬ್ರ್ಯಾಕೆಟ್ಟು ಹೋದರೆ ಮುಗಿಯಿತು.

ಮೇ 15, ಬೆಳಿಗ್ಗೆ 11.10
ಈ ಸಲ ಕರಡು ಅವರು ಕಳಿಸಿದ್ದಾರೆ. ಸಂಜೆ ಐದರೊಳಗೆ ತಕರಾರು ಬರದಿದ್ದರೆ ಒಪ್ಪಿದ ಹಾಗೆ — ಮೊದಲ ಸುತ್ತಿನಿಂದಲೂ ಇದೇ ಪದ್ಧತಿ. ನೋಡಿದರೆ ಹನ್ನೆರಡಕ್ಕೆ ಬ್ರ್ಯಾಕೆಟ್ಟೇ ಇಲ್ಲ. ಸುಧಾಕರನ್ ಮೇಲೆಮೇಲೆ ಕಣ್ಣಾಡಿಸಿ, ಸರಿಯಿದೆ ಅಂದು, ಅತಿಥಿಗಳಿಗೆ ಕಲ್ಲಟ್ಟಿ ಜಲಪಾತ ತೋರಿಸಲು ಹೊರಟ. ಓದೇ ಇಲ್ಲ, ಕತ್ತೆ.
ನನ್ನನ್ನು ಕೇಳಲಿಲ್ಲ. ನಾನು ಹೇಳಲಿಲ್ಲ.
ತಕರಾರು ಬರೆದಿಟ್ಟಿದ್ದೇನೆ. 4.50ಕ್ಕೆ ಕಳಿಸುತ್ತೇನೆ, ದೆಹಲಿಗೂ ಕಾಪಿ ಹಾಕಿ. ಕೊನೇ ಗಳಿಗೆಯಲ್ಲಿ ಯಾರು ಉಳಿಸಿದ್ದು ಅಂತ ಮೇಲಿನವರು ನೋಡಲಿ. ಅವನ ಮಾನ ಹರಾಜಾಗಲಿ.

4.50
ಕಳಿಸಿದೆ. ಹೊಟ್ಟೆ ತಣ್ಣಗಾಯಿತು.

5.25
ಉತ್ತರ ಎರಡೇ ಸಾಲು. ಗಡುವು ಮುಗಿದಿದೆ. ನಿಯಮದ ಪ್ರಕಾರ, ಕರಡು ಕಳಿಸಿದವರ ರಾಜಧಾನಿಯ ಸಮಯವೇ ಲೆಕ್ಕ.
ಹೌದು... ಆ ನಿಯಮ ಬರೆದವಳೇ ನಾನು. ಐದು ಸುತ್ತು ಕರಡು ನಮ್ಮದಿತ್ತು, ಸಮಯವೂ ನಮ್ಮದೇ. ಅವರ ಐದು ಗಂಟೆ ಅಂದರೆ ನಮಗೆ ಮಧ್ಯಾಹ್ನ ಒಂದೂವರೆ. ಇಬ್ಬರೂ ಊಟಿಯಲ್ಲೇ ಇದ್ದೇವೆ ಅಂತ ಹೋಟೆಲಿನ ಗೋಡೆ ಗಡಿಯಾರ ನೋಡುತ್ತ ಕೂತೆ. ಮುಚ್ಚಿದ ಕಲಂ ಮತ್ತೆ ತೆರೆಯಲು ಅವರೂ ಒಪ್ಪಬೇಕು. ಯಾಕೆ ಒಪ್ಪುತ್ತಾರೆ?

ಮೇ 17
ಸುಧಾಕರನ್ ಕೂಗಾಡಲಿಲ್ಲ. ಕೂಗಾಡಿದ್ದರೆ ತಿರುಗಿ ಬೈಯುತ್ತಿದ್ದೆ. ತಂಡದ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದ. ನನ್ನ ತಕರಾರು. ಸೇವ್ ಆದ ಸಮಯ 11.07.
"ನಾನು ಓದಲಿಲ್ಲ. ನನ್ನ ತಪ್ಪು" ಅಂದ. "ನೀವು ಓದಿದ್ರಿ. ಅಲ್ವಾ?"
ಈ ಸಲ ಅವನು ಕೇಳಿದ್ದ. ಲ್ಯಾಪ್‌ಟಾಪ್ ಮುಚ್ಚಿ ಎದ್ದೆ.

ಮೇ 20, ಬೆಳಿಗ್ಗೆ 9
ಅಕ್ಕನ ಫೋನ್. "ಒಪ್ಪಂದ ಆಯ್ತಂತೆ, ಪೇಪರಲ್ಲಿ ಬಂದಿದೆ. ಇವತ್ತು ಇಲ್ಲಿ ಕ್ಯಾಂಪು. ಹೋದ ಸಲ ಹೆದರಿ ಓಡಿದವರೂ ಬಂದವ್ರೆ. ನನ್ನ ತಂಗಿಯೇ ಅಲ್ಲಿ ಕೂತವಳೆ ಅಂತ ಹೇಳಿದೆ. ರಕ್ತ ತೆಗೀಲಾ?"
"ಸ್ವಲ್ಪ ತಡಿ" ಅಂದು ಇಟ್ಟುಬಿಟ್ಟೆ.
ಸುಧಾಕರನ್ ಮೇಲೆ ಹಾಕಬಹುದು. ಅರ್ಧ ನಿಜವೇ. ಅಕ್ಕ ನಂಬುತ್ತಾಳೆ.
ಮತ್ತೆ ರಿಂಗ್ ಆಗುತ್ತಿದೆ. ಎತ್ತಿದ ಕೂಡಲೇ ಹೇಳಬೇಕು, ಇಲ್ಲದಿದ್ದರೆ ಆಗುವುದಿಲ್ಲ. ಸೂಜಿ ಕೆಳಗಿಡು ಅಕ್ಕ. ನಾನು ಹನ್ನೊಂದು ಗಂಟೆಗೇ ನೋಡಿದ್ದೆ, ಬೇಕಂತಲೇ ತಡೆಹಿಡಿದೆ.