ಅಪ್ಪನ ಸೊಂಟದ ಅಳತೆ

ಜೂನ್ 3, ಮಧ್ಯಾಹ್ನ

ಅಲ್ಲ ಕಣಕ್ಕ, ನೀನು ಡ್ರಮ್ಮು, ನಾನು ಕೋಲು. ಸಕ್ಕರೆ ಕಾಯಿಲೆ ಬರೋದಾದ್ರೆ ಯಾರಿಗೆ ಬರಬೇಕು ಹೇಳು? ಎದುರಿಗೆ ಹೇಳಿದರೆ ಕತ್ತರಿ ಎಸೆಯುತ್ತಾಳೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಬೆಳಿಗ್ಗೆ ಅಂಗಡಿಗೆ ಬಂದು ಒಂದೇ ಹಟ. ಅಪ್ಪನ ಹಾಗೆ ಸಕ್ಕರೆ ಕಾಯಿಲೆಯಲ್ಲಿ ಹೋದವರ ಮಕ್ಕಳ ರಕ್ತವನ್ನು ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡುತ್ತಿದ್ದಾರಂತೆ. ಇವಳು ಕೊಟ್ಟು ಬಂದಾಯ್ತು. ಈಗ ನನ್ನ ಸರದಿಯಂತೆ. ಎರಡು ಪ್ಯಾಂಟ್ ಕಟಿಂಗ್ ಬಾಕಿ ಇದೆ ಅಂದೆ.

"ಪ್ಯಾಂಟಿಗೆ ಕಾಲಿಲ್ಲ, ಓಡಿಹೋಗಲ್ಲ" ಅಂದಳು.

ಜೂನ್ 5

ಎಳೆದುಕೊಂಡು ಹೋದಳು. ಖಾಲಿ ಹೊಟ್ಟೆಯಲ್ಲಿ ಹೋಗಬೇಕಿತ್ತು. ಬೇಕಂತಲೇ ತಿಂದು ಹೋಗಿದ್ದೆ. ರಕ್ತ ತಗೊಳ್ಳಲಿಲ್ಲ. ಆದರೂ ಡಾಕ್ಟರಮ್ಮ ಕೂರಿಸಿಕೊಂಡು ಹೇಳಿದರು.

"ಕೊಬ್ಬು ಸುಮ್ನೆ ಬಿದ್ದಿರಲ್ಲಪ್ಪ. ಒಂದು ಹಾರ್ಮೋನ್ ಮಾಡಿ ರಕ್ತಕ್ಕೆ ಬಿಡುತ್ತೆ. ಅದಿದ್ರೆ ಮೈ ಸಕ್ಕರೇನ ಸರಿಯಾಗಿ ಬಳಸ್ಕೊಳ್ಳುತ್ತೆ. ಕೆಲವರಿಗೆ ಅಪ್ಪ ಅಮ್ಮನಿಂದ ಬರೋ ಜೀನ್‌ನಲ್ಲೇ ಒಂಚೂರು ವ್ಯತ್ಯಾಸ ಇರುತ್ತೆ, ಹಾರ್ಮೋನ್ ಕಮ್ಮಿ. ಅಂಥವರಿಗೆ ಸಣ್ಣಗಿದ್ರೂ ಕಾಯಿಲೆ ಬರಬಹುದು. ಬಂದೇ ಬರುತ್ತೆ ಅಂತಲ್ಲ."

"ನನ್ನ ಮೈಯಲ್ಲಿ ಕೊಬ್ಬೇ ಇಲ್ಲವಲ್ಲ ಮೇಡಂ."

"ಇರೋದೆಲ್ಲ ಬಾಯಲ್ಲೇ ಇದೆ ಮೇಡಂ ಇವನಿಗೆ" ಅಂದಳು ಅಕ್ಕ.

ಡಾಕ್ಟರಮ್ಮ ನಕ್ಕು ಕೇಳಿದರು: "ನಿಮ್ಮ ತಂದೆ ದಪ್ಪ ಇದ್ರಾ?"

ಅಂಗಡಿಗೆ ಹೊತ್ತಾಯ್ತು ಅಂತ ಎದ್ದೆ.

ಜೂನ್ 6

ಕಟಿಂಗ್ ಮೇಜಿನ ಮೇಲೆ ಅಪ್ಪನ ಮೊಣಕೈ ಉಜ್ಜಿ ಉಜ್ಜಿ ಆದ ಹೊಳಪು ಇನ್ನೂ ಇದೆ. ಬೆಳಿಗ್ಗೆಯಿಂದ ಅದೇ ಕಣ್ಣಿಗೆ ಬೀಳುತ್ತಿದೆ.

ಗಿರಾಕಿಗಳ ಪ್ಯಾಂಟಿನಲ್ಲಿ ಹೊಲಿಗೆಯ ಒಳಗೆ ಎರಡು ಬೆರಳು ಹೆಚ್ಚು ಬಟ್ಟೆ ಬಿಡಿಸುತ್ತಿದ್ದ. "ಮನುಷ್ಯ ಬೆಳೀತಾನೆ ಕಣೋ, ಜಾಗ ಇರ್ಲಿ." ತನಗೆ ಮಾತ್ರ ಬಿಡುತ್ತಿರಲಿಲ್ಲ.

ಹತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟು ಅಂಗಡಿಗೆ ಬಂದೆನಲ್ಲ, ಅವನ ಪ್ಯಾಂಟೇ ನನ್ನ ಮೊದಲ ಕೆಲಸ. ಹೊಲಿಗೆ ಬಿಚ್ಚಿ ಸೊಂಟ ಚಿಕ್ಕದು ಮಾಡೋದು. ಒಂದು ವರ್ಷದಲ್ಲಿ ಮೂರು ಸಲ ಮಾಡಿದೆ. ಮೂರನೇ ಸಲ ಹಿಂದಿನ ಎರಡು ಜೇಬೂ ಹತ್ತಿರ ಬಂದು ಮುಟ್ಟುವ ಹಾಗಾಗಿತ್ತು. ಕನ್ನಡಿ ಮುಂದೆ ಸೈಡಿಗೆ ತಿರುಗಿ ನಿಂತ. "ಐವತ್ತು ವರ್ಷ, ಇಪ್ಪತ್ತೊಂಬತ್ತು ಸೊಂಟ. ಮದುಮಗನ ಅಳತೆ ನೋಡೋ ಇದು." ಆಮೇಲೆ ತಂಬಿಗೆ ಎತ್ತಿ ಗಟಗಟ ನೀರು ಕುಡಿದ. ಇನ್ನೊಂದು ತಂಬಿಗೆ ತರಿಸಿದ.

ನಗುತ್ತಲೇ ತಂದುಕೊಟ್ಟೆ.

ಜೂನ್ 11

ಅಕ್ಕನ ರಿಪೋರ್ಟ್ ಬಂತು. ಜೀನೂ ಸರಿ, ಸಕ್ಕರೆಯೂ ಸರಿ. "ಡ್ರಮ್ಮು ಗಟ್ಟಿ ಇದೆ ಕಣೋ" ಅಂದಳು. ನಗಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

ಅವಳು ಹೋದ ಮೇಲೆ ಹಳೇ ಅಳತೆ ಪುಸ್ತಕ ತೆಗೆದೆ. ಅಪ್ಪನ ಪುಟ. 34. 32. 30½. 29. ಎಲ್ಲ ನನ್ನದೇ ಕೈಬರಹ, ಪಕ್ಕದಲ್ಲಿ ತಾರೀಖು. ಕಾಯಿಲೆ ಅವನನ್ನು ಇಂಚಿಂಚೇ ತಿನ್ನುತ್ತಿತ್ತು. ನಾವು ಟೇಪ್ ಹಿಡಿದು ಬರೆದುಕೊಂಡೆವು. ನೀಟಾಗಿ ಹೊಲಿದೆವು. ಬೇರೆ ಯಾರೇ ಆಗಿದ್ದರೂ ಪ್ಯಾಂಟ್ ಜಾರಿ ಗೊತ್ತಾಗುತ್ತಿತ್ತು... ದರ್ಜಿ ಮನೆಯಲ್ಲಿ ಜಾರಲೇ ಇಲ್ಲ.

ಹೋದ ತಿಂಗಳು ನನ್ನ ಪ್ಯಾಂಟಿನ ಸೊಂಟವನ್ನೂ ಚಿಕ್ಕದು ಮಾಡಿಕೊಂಡಿದ್ದೆ. ಬರೆದಿಟ್ಟಿರಲಿಲ್ಲ.

ಜೂನ್ 12, ಬೆಳಿಗ್ಗೆ ಆರೂವರೆ

ಏನೂ ತಿಂದಿಲ್ಲ. ಟೇಪ್ ಹಿಡಿದೆ. ಇಪ್ಪತ್ತೆಂಟಿದ್ದದ್ದು ಇಪ್ಪತ್ತಾರೂವರೆ. ಅಪ್ಪನ ಪುಟದಲ್ಲೇ, 29ರ ಕೆಳಗೆ ಬರೆದೆ.

ಹೋದ ತಿಂಗಳು ಹಾಕಿದ ಹೊಲಿಗೆ ಬಿಚ್ಚಿದೆ. ಸಡಿಲವಾಗಿಯೇ ಹಾಕಿಕೊಂಡಿದ್ದೇನೆ. ಜಾರಲಿ. ಡಾಕ್ಟರಮ್ಮ ನೋಡಲಿ.

ಅಕ್ಕ ಹೊರಗಿಂದ ಕೂಗುತ್ತಿದ್ದಾಳೆ. "ತಿಂದ್ಯೇನೋ ಇವತ್ತೂ?"

"ಇಲ್ಲ ಕಣಕ್ಕ. ಬಂದೆ."

ಅಳತೆ ಪುಸ್ತಕ ಬಗಲಲ್ಲಿ. ಒಂದು ಕೈ ಸೊಂಟದ ಮೇಲೆ. ಹೊಸ್ತಿಲಲ್ಲಿ ನಿಂತೇ ಬರೆಯುತ್ತಿದ್ದೇನೆ. ಹೊರಟೆ. ಬಾಗಿಲು ಹಾಕಿ ಆಸ್ಪತ್ರೆಗೆ.